ಯೆಲ್ಲೊಸ್ಟೋನಿನಲ್ಲಿ ಉಕ್ಕಿದ ಹಾಲು

ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿದರೆ ಶುಭವೆಂದು ನಂಬಿ ಬಂದವರು ನಾವು. ಬಸವನಗುಡಿಯ ನಮ್ಮ ಪುಟ್ಟ ಮನೆಯ ಗೃಹಪ್ರವೇಶದಂದು ಉಕ್ಕಿದ ಹಾಲಿನ ಗುರುತು ಒಲೆಯ ಕಲ್ಲಿನ ಮೇಲೆ ಬಹುಕಾಲ ಉಳಿದಿತ್ತು; ಅದನ್ನು ಉಜ್ಜಿ ತೆಗೆಯಲು ನಮ್ಮಾಕೆಗೆ ಮನಸ್ಸು ಬಂದಿರಲಿಲ್ಲ. ಆದರೆ 2018ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಸ್ವದೇಶದಿಂದ ಸಹಸ್ರಾರು ಮೈಲಿ ಆಚೆ, ಆರು ಚಕ್ರಗಳ ಮೇಲೆ ನಿಂತ ಒಂದು ಬಾಡಿಗೆಯ ಮನೆಯಲ್ಲಿ ನನ್ನ ಅಜಾಗರೂಕತೆಯಿಂದ ಉಕ್ಕಿದ ಹಾಲು ನಮ್ಮ ಐದು ಮಂದಿಯ ಸಂಸಾರವನ್ನೇ ಆಹುತಿ ತೆಗೆದುಕೊಳ್ಳುವುದರಲ್ಲಿತ್ತು. ಆ ಸಂಗತಿಯನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇನೂ ಇಲ್ಲ. ಆದರೂ ಈಚೆಗೆ ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೋಗುವ ನಮ್ಮವರು ಬಹಳ. ಅಲ್ಲಿ ಇಂಥ ವಾಹನಗಳಲ್ಲಿ ಪ್ರವಾಸ ಹೊರಡುವವರೂ ಬಹಳ. ಅವರಿಗಾದರೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನಮ್ಮ ಮಗಳೂ ಅಳಿಯನೂ ಆಗ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದರು. ಅಲ್ಲಿಂದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ದ್ವಾರಕ್ಕೆ ಸುಮಾರು 500 ಕಿಲೋಮೀಟರ್ ದೂರ. ಹೋಟೆಲುಗಳ ಗೊಡವೆ ಬೇಡ, ಮನೆಯನ್ನೇ ಕೊಂಡೊಯ್ಯೋಣವೆಂದು ಅಳಿಯ ಒಂದು ಮೋಟಾರು ಮನೆಯನ್ನು ಬಾಡಿಗೆಗೆ ಹಿಡಿದ. ಅದನ್ನು ಆ ದೇಶದವರು ಆರ್.ವಿ. ಎಂದು ಕರೆಯುತ್ತಾರೆ. ಮುಂಭಾಗ ಲಾರಿಯಂತೆ, ಹಿಂಭಾಗ ಮನೆಯಂತೆ. ಮಲಗಲು ಮೂರು ಕಡೆ ಹಾಸಿಗೆ, ಒಂದು ಸ್ನಾನದ ಕೋಣೆ, ಎದುರುಬದುರಾಗಿ ಕುಳಿತು ಉಣ್ಣಲು ಮೇಜು. ಅದರ ಪಕ್ಕದಲ್ಲಿಯೇ ಮೂರು ಉರಿಗಳ ಒಲೆ, ಶೀತಪೆಟ್ಟಿಗೆ, ಪಾತ್ರೆ ತೊಳೆಯುವ ತೊಟ್ಟಿ. ಏಳು ವರ್ಷದ ಮೊಮ್ಮಗನಿಗಂತೂ ಅದು ಪುಷ್ಪಕವಿಮಾನವಾಗಿಯೇ ಕಂಡಿತು.

ವಾಹನವನ್ನು ಒಪ್ಪಿಸಿದಾತ ಅರ್ಧ ಗಂಟೆ ನಿಂತು ಎಲ್ಲವನ್ನೂ ವಿವರಿಸಿದ. ಆ ಅರ್ಧ ಗಂಟೆಯಲ್ಲಿ ಹೆಚ್ಚು ಪಾಲು ಪ್ರೊಪೇನ್ ಅನಿಲಕ್ಕೇ ಸಂದಿತು. ಒಲೆ ಉರಿಯುವುದು ಅದರಿಂದ. ಸ್ನಾನಕ್ಕೆ ನೀರು ಕಾಯುವುದು ಅದರಿಂದ. ರಾತ್ರಿ ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುವ ಕುಲುಮೆ ನಡೆಯುವುದು ಅದರಿಂದ. ಇಷ್ಟೇ ಅಲ್ಲ, ವಿದ್ಯುತ್ ಸಂಪರ್ಕವಿಲ್ಲದ ಕಡೆ ಶೀತಪೆಟ್ಟಿಗೆ ತಂಪಾಗುವುದೂ ಅದರ ಉರಿಯಿಂದಲೇ! ಬೆಂಕಿಯಿಂದ ಮಂಜುಗಡ್ಡೆ ಹುಟ್ಟುವ ಈ ಚಮತ್ಕಾರವನ್ನು 1922ರಲ್ಲಿ ಸ್ವೀಡನ್ನಿನ ಇಬ್ಬರು ತರುಣ ವಿದ್ಯಾರ್ಥಿಗಳು, ಬಾಲ್ಟ್ಸರ್ ವಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್, ಸಾಧಿಸಿ ತೋರಿಸಿದರು. ಒಂದು ಪುಟ್ಟ ಜ್ವಾಲೆ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಬೇರ್ಪಟ್ಟು, ದ್ರವವಾಗಿ, ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಅದರಲ್ಲಿ ದ್ರವ ಹರಿಯುವುದು ತನ್ನ ಭಾರದಿಂದಲೇ ಆದುದರಿಂದ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ನನ್ನ ಇನ್ಸುಲಿನ್ ಸೀಸೆಗಳು ಆ ಪೆಟ್ಟಿಗೆಯಲ್ಲಿಯೇ ಇದ್ದುವಾದ ಕಾರಣ ಈ ಪಾಠವನ್ನು ನಾನು ಮೈಯೆಲ್ಲ ಕಿವಿಯಾಗಿ ಕೇಳಿದೆ.

ನಮ್ಮ ದೇಶದ ಅಡಿಗೆ ಅನಿಲದಲ್ಲಿ ಬ್ಯುಟೇನ್ ಮತ್ತು ಪ್ರೊಪೇನ್ ಎರಡೂ ಬೆರೆತಿರುತ್ತವೆ. ಅಲ್ಲಿ ಬಳಸುವುದು ಬಹುಪಾಲು ಪ್ರೊಪೇನ್. ಕಾರಣ ಸರಳವಾದುದು: ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬ್ಯುಟೇನ್ ದ್ರವವಾಗಿಯೇ ಉಳಿದು ಒಲೆಗೆ ಬಾರದು, ಪ್ರೊಪೇನಾದರೋ ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಆವಿಯಾಗುತ್ತದೆ. ವಾಹನದ ಅಡಿಯಲ್ಲಿ ಬಿಗಿದ ಉಕ್ಕಿನ ತೊಟ್ಟಿಯಲ್ಲಿ ಅದು ಒತ್ತಡದಿಂದ ದ್ರವವಾಗಿ ಕುಳಿತಿರುತ್ತದೆ. ಬಿಸಿಲಿಗೆ ದ್ರವ ಹಿಗ್ಗುವುದರಿಂದ ತೊಟ್ಟಿಯನ್ನು ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚಾಗಿ ತುಂಬುವಂತಿಲ್ಲ. ಹೊರಬಂದರೆ ಒಂದು ಪಾಲು ದ್ರವ ಸುಮಾರು 270 ಪಾಲು ಅನಿಲವಾಗುತ್ತದೆ. ಪೆಟ್ರೋಲ್ ತುಂಬಿಸುವ ಬಂಕಿಗೆ ಹೋಗುವ ಮೊದಲು ಪ್ರತಿಯೊಂದು ಉರಿಯನ್ನೂ ನಂದಿಸಿ ತೊಟ್ಟಿಯ ಕವಾಟವನ್ನು ಮುಚ್ಚಬೇಕೆಂದು ಆತ ಎರಡು ಸಲ ಹೇಳಿದ. ಕೊನೆಗೆ ಮೂರು ಪುಟ್ಟ ಪೆಟ್ಟಿಗೆಗಳನ್ನು ತೋರಿಸಿದ. ಛಾವಣಿಯಲ್ಲಿದ್ದುದು ಹೊಗೆಯ ಎಚ್ಚರಿಕೆಗೆ. ಹಾಸಿಗೆಯ ಬಳಿಯದು ಕಾರ್ಬನ್ ಮಾನಾಕ್ಸೈಡ್ ವಿಷಾನಿಲಕ್ಕೆ. ಮೂರನೆಯದು ಒಲೆಯ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ ಇತ್ತು. “ಇದೇಕೆ ಕಾಲಿನ ಬುಡದಲ್ಲಿ?” ಎಂದು ನಮ್ಮಾಕೆ ಕನ್ನಡದಲ್ಲಿಯೇ ಕೇಳಿದಳು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರದೆ ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ ಎಂದು ಅಳಿಯ ವಿವರಿಸಿದ. ಆಕೆ ತಲೆದೂಗಿದಳು.

ಸಂಜೆಯ ವೇಳೆಗೆ ಉದ್ಯಾನದ ಒಳಗಿನ ಮ್ಯಾಡಿಸನ್ ಎಂಬ ಬಿಡಾರವನ್ನು ಸೇರಿದೆವು. 1872ರಲ್ಲಿ ಸ್ಥಾಪಿತವಾದ ಯೆಲ್ಲೊಸ್ಟೋನ್ ಜಗತ್ತಿನ ಪ್ರಥಮ ರಾಷ್ಟ್ರೀಯ ಉದ್ಯಾನವೆಂದು ಪ್ರಸಿದ್ಧವಾದುದು. ವಿಸ್ತಾರದಲ್ಲಿ ನಮ್ಮ ಕೊಡಗಿನ ಎರಡರಷ್ಟಕ್ಕೂ ಮಿಗಿಲು. ಫೈರ್‌ಹೋಲ್ ಮತ್ತು ಗಿಬ್ಬನ್ ಎಂಬ ಎರಡು ನದಿಗಳು ಕೂಡಿ ಮ್ಯಾಡಿಸನ್ ನದಿಯಾಗಿ ಹರಿಯುವ ಸಂಗಮದ ಪಕ್ಕದಲ್ಲಿ, ನೆಟ್ಟಗೆ ನಿಂತ ಪೈನ್ ಮರಗಳ ನಡುವೆ ಈ ಬಿಡಾರವಿದೆ. 1870ರಲ್ಲಿ ಇಲ್ಲಿಗೆ ಬಂದ ಅನ್ವೇಷಕರ ತಂಡವೊಂದು ಇದೇ ಸಂಗಮದಲ್ಲಿ ಉರಿಯ ಸುತ್ತ ಕುಳಿತು, ಈ ಸೀಮೆ ಯಾರೊಬ್ಬರ ಸ್ವತ್ತೂ ಆಗದೆ ಸರ್ವರಿಗೂ ಸಲ್ಲಬೇಕೆಂದು ಸಂಕಲ್ಪ ಮಾಡಿತೆಂಬ ಕಥೆಯನ್ನು ಬಹುಕಾಲ ಹೇಳುತ್ತಿದ್ದರು. ಚರಿತ್ರಕಾರರು ಅದನ್ನು ನಂಬುವುದಿಲ್ಲ. ಆದರೂ ಆ ಕತ್ತಲಲ್ಲಿ ನದಿಯ ಮೊರೆತವನ್ನು ಕೇಳುತ್ತ ನಿಂತವನಿಗೆ ಕಥೆ ನಿಜವಾಗಿರಬಾರದೇಕೆ ಎನಿಸದೆ ಇರದು.

ಅಲ್ಲಿ ವಿದ್ಯುತ್ ಸಂಪರ್ಕವಿಲ್ಲ. ವಾಹನದ ಜನರೇಟರನ್ನು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ ನಡೆಸಬಹುದು. ಮೊದಲ ರಾತ್ರಿ ನಮ್ಮಾಕೆ ಸಾರಿಗೆ ಒಗ್ಗರಣೆ ಕೊಟ್ಟೊಡನೆ ಛಾವಣಿಯ ಪೆಟ್ಟಿಗೆ ಪ್ರಾಣ ಹೋದಂತೆ ಅರಚಿಕೊಂಡಿತು. ಸಾಸಿವೆ ಮೆಣಸಿನಕಾಯಿಗಳ ಪರಿಚಯ ಅದಕ್ಕಿರಲಿಲ್ಲವೆಂದು ಕಾಣುತ್ತದೆ. ಎಲ್ಲರೂ ನಕ್ಕೆವು. “ಇನ್ನು ಮೂರು ದಿನ ಇದರ ಕಾಟ ತಪ್ಪಿದ್ದಲ್ಲ, ಬ್ಯಾಟರಿಯನ್ನು ತೆಗೆದುಬಿಡೋಣ” ಎಂದು ನಾನೆಂದೆ. “ಕಾವಲುಗಾರ ಒಂದು ಸಲ ಸುಮ್ಮನೆ ಕೂಗಿದನೆಂದು ಅವನ ಬಾಯಿಗೆ ಬಟ್ಟೆ ತುರುಕುತ್ತೀರಾ? ಕಿಟಕಿಯನ್ನು ತೆರೆಯಿರಿ” ಎಂದಳು ಆಕೆ. ಕಿಟಕಿಯನ್ನೂ ಛಾವಣಿಯ ಗಾಳಿಗಂಡಿಯನ್ನೂ ತೆರೆದೆವು. ಅಡಿಗೆಯ ಹೊತ್ತಿನಲ್ಲಿ ಅವನ್ನು ತೆರೆದಿರಬೇಕೆಂಬುದು ನಿಯಮವೇ ಆಗಿದ್ದಿತು; ನಾವು ಮರೆತಿದ್ದೆವು, ಅಷ್ಟೆ.

ಮರುದಿನ ಓಲ್ಡ್ ಫೇತ್‌ಫುಲ್ ಎಂಬ ಲೋಕವಿಖ್ಯಾತ ಬಿಸಿನೀರಿನ ಚಿಲುಮೆಯನ್ನು ಕಂಡೆವು. ಮೂರನೆಯ ದಿನ ನಾರಿಸ್ ಎಂಬ ಕ್ಷೇತ್ರಕ್ಕೆ ಹೋದೆವು. ಉದ್ಯಾನದ ಚಿಲುಮೆಯ ಕ್ಷೇತ್ರಗಳಲ್ಲೆಲ್ಲ ಇದೇ ಅತ್ಯಂತ ಉಷ್ಣವಾದುದು. ಇಲ್ಲಿ ನೆಲವನ್ನು 326 ಮೀಟರ್ ಕೊರೆದಾಗ 237 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕಂಡರಂತೆ. ಜಗತ್ತಿನ ಸಕ್ರಿಯ ಚಿಲುಮೆಗಳಲ್ಲಿ ಅತ್ಯಂತ ಎತ್ತರಕ್ಕೆ ಚಿಮ್ಮುವ ಸ್ಟೀಮ್‌ಬೋಟ್ ಇರುವುದೂ ಇಲ್ಲಿಯೇ. ಬಹುಕಾಲ ಸುಮ್ಮನಿದ್ದ ಅದು ಆ ವರ್ಷದ ಮಾರ್ಚ್ ತಿಂಗಳಿನಿಂದ ಮತ್ತೆ ಮತ್ತೆ ಎದ್ದು ಕುಣಿಯುತ್ತಿತ್ತು. ನಮಗೆ ಮಾತ್ರ ದರ್ಶನ ಕೊಡಲಿಲ್ಲ. ಬೂದಿ, ಹಾಲು, ಅರಿಸಿನ, ಪಚ್ಚೆ ಈ ಬಣ್ಣಗಳ ಕುದಿಯುವ ಮಡುಗಳ ನಡುವೆ ಮರದ ಹಲಗೆಯ ಹಾದಿಯಲ್ಲಿ ನಡೆದೆವು. ಅಡಿಯಿಂದ ಏಳುವ ಆವಿಯಲ್ಲಿ ಗಂಧಕದ ನಾತ. ಕೊಳೆತ ಮೊಟ್ಟೆಯ ವಾಸನೆಯೆಂದು ಅಲ್ಲಿನವರು ಅದನ್ನು ವರ್ಣಿಸುತ್ತಾರೆ. ಶುದ್ಧ ಸಸ್ಯಾಹಾರಿಣಿಯಾದ ನಮ್ಮಾಕೆಗೆ ಆ ಉಪಮೆ ಒಪ್ಪಿಗೆಯಾಗಲಿಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ವಾಸನೆ ಬಟ್ಟೆಗೆ, ಕೂದಲಿಗೆ, ಶಾಲಿಗೆ ಹತ್ತಿಕೊಂಡಿತು. ಮೂಗಿಗೆ ಅದು ಅಭ್ಯಾಸವೂ ಆಯಿತು.

ಬಿಡಾರಕ್ಕೆ ಹಿಂದಿರುಗಿದಾಗ ಸಂಜೆಯಾಗಿತ್ತು. ಚಳಿ ಬೆನ್ನು ಹತ್ತಿತ್ತು. ಎಲ್ಲರಿಗೂ ಕಾಫಿ ನಾನೇ ಮಾಡುವೆನೆಂದು ಉದಾರವಾಗಿ ನುಡಿದು, ಪಾತ್ರೆಯ ತುಂಬ ಹಾಲನ್ನು ಒಲೆಗಿಟ್ಟು ಉರಿಯನ್ನು ದೊಡ್ಡದು ಮಾಡಿದೆ. ಅಷ್ಟರಲ್ಲಿ ಹೊಳೆಯ ಕಡೆಯಿಂದ ಕೊಳಲಿನಂಥ ಒಂದು ನೀಳವಾದ ಕೂಗು ಕೇಳಿಸಿತು. ಎಲ್ಕ್ ಎಂಬ ಭಾರಿ ಜಿಂಕೆಯ ಗಂಡು ಶರತ್ಕಾಲದಲ್ಲಿ ತನ್ನ ಹಿಂಡನ್ನು ಕರೆಯುವ ಕೂಗು ಅದು. “ತಾತ, ಬಾ!” ಎಂದು ಮೊಮ್ಮಗ ಕೈಹಿಡಿದು ಎಳೆದ. ಚಳಿ ಒಳಗೆ ನುಗ್ಗೀತೆಂದು ಕಿಟಕಿಗಳನ್ನೂ ಬಾಗಿಲನ್ನೂ ಭದ್ರವಾಗಿ ಮುಚ್ಚಿ ಎಲ್ಲರೂ ಹೊರಟೆವು. ಹಾಲಿನ ವಿಷಯ ನನ್ನ ಮನಸ್ಸಿನಿಂದ ಸಂಪೂರ್ಣವಾಗಿ ಅಳಿಸಿಹೋಯಿತು.

ಹೊಳೆಯ ಆಚೆಯ ದಡದಲ್ಲಿ ಮರದ ಕೊಂಬೆಗಳಂಥ ಕೋಡುಗಳನ್ನು ಹೊತ್ತು ಆ ಪ್ರಾಣಿ ನಿಂತಿದ್ದಿತು. ಮಂಜಿನಲ್ಲಿ ಅದರ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಅರ್ಧ ಗಂಟೆ ಕಳೆದುದೇ ತಿಳಿಯಲಿಲ್ಲ. ಕತ್ತಲು ಕವಿಯುತ್ತಿರಲು ಹಿಂದಿರುಗಿದೆವು. ಮೊಮ್ಮಗ ಮುಂದೆ ಓಡಿ ಬಾಗಿಲನ್ನು ತೆರೆದ. ಅವನ ಹಿಂದೆ ಮೆಟ್ಟಿಲಿನ ಬಳಿ ನಿಂತ ನಮ್ಮಾಕೆ ಥಟ್ಟನೆ ನಿಂತುಬಿಟ್ಟಳು.

“ಗ್ಯಾಸ್ ವಾಸನೆ!”

“ನಾರಿಸ್‌ನ ವಾಸನೆ ಅತ್ತೆ, ನಮ್ಮ ಬಟ್ಟೆಗಳಲ್ಲೇ ಇದೆ” ಎಂದ ಅಳಿಯ ನಗುತ್ತ. ನನಗೂ ಹಾಗೆಯೇ ತೋರಿತು. ಹುಡುಗನ ಕೈ ಆಗಲೇ ಒಳಗಿನ ದೀಪದ ಸ್ವಿಚ್ಚಿನತ್ತ ಚಾಚಿತ್ತು.

ನನ್ನ ಐವತ್ತು ವರ್ಷಗಳ ದಾಂಪತ್ಯದಲ್ಲಿ ಆಕೆ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. “ಸ್ವಿಚ್ ಮುಟ್ಟಬೇಡ!” ಎನ್ನುತ್ತಲೇ ಹುಡುಗನ ಅಂಗಿಯನ್ನು ಹಿಡಿದು ಹಿಂದಕ್ಕೆಳೆದುಕೊಂಡಳು. “ಬಾಗಿಲು ಹಾಗೆಯೇ ತೆರೆದಿರಲಿ. ಎಲ್ಲರೂ ದೂರ ನಡೆಯಿರಿ. ದೀಪ ಬೇಡ, ಬೆಂಕಿಕಡ್ಡಿ ಬೇಡ.” ನಾವು ಹತ್ತು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಒಲೆಯ ಬುಡದ ಆ ಪುಟ್ಟ ಪೆಟ್ಟಿಗೆ ಕೂಗತೊಡಗಿತು. ಈ ಸಲ ಯಾರೂ ನಗಲಿಲ್ಲ.

ಕವಾಟ ಹೊರಮೈಯ ಒಂದು ಗೂಡಿನಲ್ಲಿತ್ತು. ಅಳಿಯ ಬಾಗಿಲಿನಿಂದ ದೂರವಾಗಿ ಸುತ್ತುಹಾಕಿ ಹೋಗಿ ಅದನ್ನು ತಿರುಗಿಸಿ ಮುಚ್ಚಿ ಓಡಿಬಂದ. ಕೂಗನ್ನು ಕೇಳಿ ಬಿಡಾರದ ಮೇಲ್ವಿಚಾರಕನಾದ ವೃದ್ಧನೊಬ್ಬ ಬಂದ. ಪಕ್ಕದ ಬಿಡಾರದವರು ಸೌದೆ ಹೊತ್ತಿಸಲು ಸಿದ್ಧರಾಗಿದ್ದರು. ಮೊದಲು ಅವರನ್ನು ತಡೆದ. ಅನಂತರ ನಮ್ಮನ್ನೆಲ್ಲ ಗಾಳಿ ಬೀಸಿ ಬರುವ ದಿಕ್ಕಿನ ಕಡೆಗೆ, ದೂರಕ್ಕೆ ಕರೆದೊಯ್ದ. ಕವಾಟ ಮುಚ್ಚಿದ ಮೇಲೂ ವಾಸನೆ ನಿಲ್ಲದಿದ್ದರೆ ಅಗ್ನಿಶಾಮಕರನ್ನು ಕರೆಸಬೇಕು, ತಾನಾಗಿ ಯಾರೂ ಒಳಗೆ ಹೋಗಕೂಡದು ಎಂದ. ನಮ್ಮ ಪುಣ್ಯಕ್ಕೆ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಬಹಳ ಹೊತ್ತಿನ ಮೇಲೆ ಎಚ್ಚರಿಕೆಯ ಕೂಗು ನಿಂತಿತು. ಆಮೇಲೂ ಕಾಯಿಸಿ, ಕೊನೆಗೆ ಒಳಹೊಕ್ಕಾಗ ಕಂಡದ್ದು ಇಷ್ಟೆ: ಉಕ್ಕಿ ಹರಿದ ಹಾಲಿನಲ್ಲಿ ಮಿಂದ ಒಲೆ, ಆರಿದ ಉರಿ, ಪೂರ್ತಿ ತೆರೆದ ಗುಂಡಿ.

ಎಲ್ಲವೂ ಆಗ ಅರ್ಥವಾಯಿತು. ಮ್ಯಾಡಿಸನ್ ಇರುವುದು ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲೆ. ಅಲ್ಲಿ ನೀರು ನೂರು ಡಿಗ್ರಿಯವರೆಗೆ ಕಾಯದೆ 93ರ ಸುಮಾರಿಗೇ ಕುದಿಯುತ್ತದೆ. ಹಾಲು ನಾನೆಣಿಸಿದುದಕ್ಕಿಂತ ಬೇಗ ಉಕ್ಕಿತು. ಉರಿ ನಂದಿತು, ಅನಿಲ ನಿಲ್ಲಲಿಲ್ಲ. ಉರಿ ಆರಿದರೆ ಅನಿಲವನ್ನು ತಾನಾಗಿ ತಡೆಯುವ ಸಾಧನ ಆ ಒಲೆಗೆ ಇರಲಿಲ್ಲ. ಅರ್ಧ ಗಂಟೆಯ ಪ್ರೊಪೇನ್ ಮುಚ್ಚಿದ ಮನೆಯ ನೆಲದ ಮೇಲೆ ಕಾಣದ ಕೆರೆಯಾಗಿ ನಿಂತು, ಬಾಗಿಲು ತೆರೆದೊಡನೆ ಮೆಟ್ಟಿಲಿನ ಮೇಲೆ ಇಳಿಯತೊಡಗಿತು. ಆದುದರಿಂದಲೇ ಕೆಳಗೆ ನಿಂತಿದ್ದ ಆಕೆಗೆ ಮೊದಲು ವಾಸನೆ ಹತ್ತಿತು. ಗಾಳಿಯಲ್ಲಿ ನೂರಕ್ಕೆ ಎರಡಕ್ಕೆ ತುಸು ಮೇಲ್ಪಟ್ಟು ಪ್ರೊಪೇನ್ ಸೇರಿದರೆ ಒಂದು ಕಿಡಿ ಸಾಕು. ಸ್ವಿಚ್ಚಿನ ಒಳಗೆ ಹುಟ್ಟುವ ಕಿಡಿ ಕಣ್ಣಿಗೆ ಬೀಳದಷ್ಟು ಚಿಕ್ಕದು; ಅದೂ ಸಾಕು. ನಾವು ಇನ್ನಷ್ಟು ತಡಮಾಡಿದ್ದರೆ ಚಳಿ ಹೆಚ್ಚಿ ಕುಲುಮೆಯ ಥರ್ಮೋಸ್ಟಾಟ್ ತಾನಾಗಿಯೇ ಚಾಲೂ ಆಗುತ್ತಿತ್ತು, ಅದೂ ಒಂದು ಸ್ವಿಚ್ಚೇ ಎಂದು ವೃದ್ಧ ಹೇಳಿದಾಗ ಮೈ ಜುಮ್ಮೆಂದಿತು.

ಪ್ರೊಪೇನಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಅತ್ಯಲ್ಪವಾಗಿ ಬೆರೆಸುತ್ತಾರೆ. ಅನಿಲಗಳಿಗೆ ದುರ್ಗಂಧವನ್ನು ಕೂಡಿಸುವ ಈ ಪದ್ಧತಿಯ ಹಿಂದೆ ಘೋರವಾದ ಒಂದು ದುರಂತವಿದೆ. 1937ರ ಮಾರ್ಚ್ 18ರಂದು ಟೆಕ್ಸಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ, ನೆಲಮಾಳಿಗೆಯಲ್ಲಿ ತುಂಬಿ, ಸಿಡಿಯಿತು. ಸುಮಾರು 300 ಮಂದಿ, ಬಹುಪಾಲು ಮಕ್ಕಳು, ಮಡಿದರು. ಅದಾದ ಮೇಲೆ ಅನಿಲಕ್ಕೆ ವಾಸನೆ ಬೆರೆಸಬೇಕೆಂಬ ಕಾನೂನು ಹುಟ್ಟಿತು. ನಮ್ಮ ದುರ್ದೈವವೆಂದರೆ, ಅಂದು ಹಗಲೆಲ್ಲ ಗಂಧಕದ ಇನ್ನೊಂದು ವಾಸನೆಯಲ್ಲಿ ಮುಳುಗಿದ್ದ ನಮ್ಮ ಮೂಗುಗಳು ಈ ಎರಡನ್ನೂ ಒಂದೆಂದು ಬಗೆದುವು.

ಹಾಗಾದರೆ ಆಕೆ ಹೇಗೆ ಬೇರ್ಪಡಿಸಿದಳು? ನಾನು ಕೇಳಿದೆ. “ನೀವು ಅಡಿಗೆಮನೆಗೆ ಬಂದದ್ದು ಉಣ್ಣಲಿಕ್ಕೆ; ನಾನು ನಲವತ್ತೇಳು ವರ್ಷ ಅಲ್ಲೇ ಇದ್ದವಳು” ಎಂದಳು. ಭಾರತದಲ್ಲಿ ಇಂಡೇನ್ ಅನಿಲದ ವಿತರಣೆ 1965ರಲ್ಲಿ ಕೊಲ್ಕತ್ತೆಯಲ್ಲಿ ಮೊದಲಾಯಿತು. ನಮ್ಮ ಮನೆಗೆ ಸಿಲಿಂಡರು ಬಂದದ್ದು 1971ರಲ್ಲಿ. ಅಲ್ಲಿಯವರೆಗೆ ಇದ್ದಿಲ ಒಲೆ, ಸೀಮೆಎಣ್ಣೆಯ ಸ್ಟೌವು. ಆ ದಿನ ಸಿಲಿಂಡರನ್ನು ಜೋಡಿಸಲು ಬಂದ ಹುಡುಗ ನಾಲ್ಕು ಮಾತು ಹೇಳಿದ್ದನಂತೆ: “ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ ಅಮ್ಮಾ. ಬೆಂಕಿ ಹಚ್ಚಬೇಡಿ. ಬಾಗಿಲು ತೆಗೆಯಿರಿ. ರೆಗ್ಯುಲೇಟರ್ ಮುಚ್ಚಿರಿ.” ನಾನು ಅಂದು ಹಣ ಎಣಿಸುತ್ತಿದ್ದೆ, ಆ ಮಾತುಗಳು ನನ್ನ ಕಿವಿಗೆ ಬಿದ್ದಿರಲಾರವು. ಬಸವನಗುಡಿಯ ಆ ನಾಲ್ಕು ಮಾತುಗಳು ಅರ್ಧ ಶತಮಾನದ ತರುವಾಯ ವಯೋಮಿಂಗಿನ ಕಾಡಿನಲ್ಲಿ ಒಂದು ಮಗುವಿನ ಕೈಯನ್ನು ಹಿಡಿದು ನಿಲ್ಲಿಸಿದುವು.

ರಾತ್ರಿ ಇನ್ನೊಂದು ಸಮಸ್ಯೆ ಎದುರಾಯಿತು. ಕವಾಟವನ್ನು ಮತ್ತೆ ತೆರೆಯಲು ಯಾರಿಗೂ ಧೈರ್ಯವಿಲ್ಲ. ತೆರೆಯದಿದ್ದರೆ ಕುಲುಮೆಯಿಲ್ಲ, ಶೀತಪೆಟ್ಟಿಗೆಯೂ ಇಲ್ಲ. ವೃದ್ಧ ತಾಳ್ಮೆಯಿಂದ ದಾರಿ ತೋರಿಸಿದ. ಮೊದಲು ಒಲೆಯನ್ನು ತೊಳೆದು ಉರಿಯ ರಂಧ್ರಗಳಲ್ಲಿ ಸೇರಿದ ಹಾಲನ್ನು ತೆಗೆಸಿದ. ಎಲ್ಲ ಗುಂಡಿಗಳನ್ನೂ ಮುಚ್ಚಿಸಿದ. ಅನಂತರ ಕವಾಟವನ್ನು ಮೆಲ್ಲಗೆ ತೆರೆಸಿದ. ರಭಸದಿಂದ ತೆರೆದರೆ ಒಳಗಿನ ರಕ್ಷಣಾಸಾಧನ ಸೋರಿಕೆಯೆಂದು ಭ್ರಮಿಸಿ ಹರಿವನ್ನು ತಡೆದೀತಂತೆ. ಕೀಲುಗಳ ಮೇಲೆ ಸಾಬೂನಿನ ನೊರೆಯನ್ನು ಸವರಿ, ಗುಳ್ಳೆ ಏಳದುದನ್ನು ತೋರಿಸಿದ. ಸೋರಿಕೆಯನ್ನು ಬೆಂಕಿಕಡ್ಡಿ ಗೀರಿ ಹುಡುಕಿದವರು ಅದನ್ನು ಒಂದೇ ಸಲ ಹುಡುಕುತ್ತಾರೆ ಎಂದು ಆತ ಹೇಳಿದುದು ಹಾಸ್ಯಕ್ಕಾಗಿ ಅಲ್ಲ. ಉರಿ ನೀಲಿಯಾಗಿ ಬರಬೇಕು. ಹಳದಿಯಾಗಿ ಮಸಿ ಬಿಟ್ಟರೆ ದಹನ ಸರಿಯಿಲ್ಲವೆಂದು ಅರ್ಥ.

“ಹೆದರಿಕೆಯಾದರೆ ಕುಲುಮೆ ಬೇಡ, ಒಲೆಯನ್ನೇ ಸಣ್ಣಗೆ ಉರಿಸಿಟ್ಟು ಮಲಗೋಣ” ಎಂದು ನಾನು ಸೂಚಿಸಿದೆ. ವೃದ್ಧ ಗಾಬರಿಯಿಂದ ನನ್ನತ್ತ ನೋಡಿದ. ಕುಲುಮೆ ಹೊರಗಿನ ಗಾಳಿಯನ್ನು ಸೆಳೆದು ಹೊಗೆಯನ್ನು ಹೊರಕ್ಕೇ ಬಿಡುತ್ತದೆ. ಒಲೆಯಾದರೋ ನಾವು ಉಸಿರಾಡುವ ಗಾಳಿಯನ್ನೇ ಉಣ್ಣುತ್ತದೆ. ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅದನ್ನೇ ಅಪ್ಪಿಕೊಳ್ಳುತ್ತದೆ. ತಲೆನೋವು, ಮಂಪರು, ನಿದ್ರೆ. ಆ ನಿದ್ರೆಯಿಂದ ಏಳುವಂತಿಲ್ಲ. ಪ್ರೊಪೇನ್ ವಾಸನೆಯಿಂದ ಕೂಗಿ ಹೇಳುತ್ತದೆ, ಇದು ಹೇಳದೆ ಬರುತ್ತದೆ. ಅಂದು ನಾನು ಎರಡನೆಯ ಸಲ ತಲೆ ತಗ್ಗಿಸಿದೆ. ಕುಲುಮೆಯನ್ನೇ ಹಚ್ಚಿದೆವು.

ನಮ್ಮನ್ನು ಬೀಳ್ಕೊಡುವಾಗ ಆತ ಇನ್ನೊಂದು ಮಾತು ಹೇಳಿದ. ಮನುಷ್ಯನ ಮೂಗು ಯಂತ್ರಕ್ಕಿಂತ ಮೊದಲು ತಿಳಿಯಬಲ್ಲುದು. ಆದರೆ ಅದು ದಣಿಯುತ್ತದೆ, ಶೀತದಿಂದ ಕಟ್ಟುತ್ತದೆ, ವಯಸ್ಸಾದಂತೆ ಮಂದವಾಗುತ್ತದೆ, ನಿದ್ರೆಯಲ್ಲಿ ಸಹಾಯಕ್ಕೆ ಬಾರದು. ಯಂತ್ರಕ್ಕೆ ನಿದ್ರೆಯಿಲ್ಲ, ಆದರೆ ಅದಕ್ಕೂ ಆಯುಸ್ಸಿದೆ. ಅದರ ಬೆನ್ನಿನ ಮೇಲೆ ಮುದ್ರಿಸಿದ ತಾರೀಖನ್ನು ಬಾಡಿಗೆಗೆ ಕೊಳ್ಳುವಾಗಲೇ ನೋಡಬೇಕು. ಎರಡನ್ನೂ ನಂಬಿ, ಒಂದನ್ನೇ ನಂಬಬೇಡಿ ಎಂದ. ನಮ್ಮಾಕೆಯ ಕೈ ಕುಲುಕಿ, ತನ್ನ ಟೋಪಿಯನ್ನು ತೆಗೆದು ನಮಿಸಿ ಹೊರಟುಹೋದ. ಆಕೆಯ ಇಂಗ್ಲಿಷೂ ಆತನ ಕನ್ನಡವೂ ಒಂದೇ ಮಟ್ಟದವು. ಆದರೂ ಇಬ್ಬರಿಗೂ ಪರಸ್ಪರ ಚೆನ್ನಾಗಿ ಅರ್ಥವಾಗಿತ್ತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಒಲೆಯ ಬುಡದಲ್ಲಿ ಆ ಪುಟ್ಟ ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಿತ್ತು. ಪಕ್ಕದಲ್ಲಿ ಮೊಮ್ಮಗ ಬಾಯಿ ತೆರೆದು ಮಲಗಿದ್ದ. ಹೊಳೆಯ ಕಡೆಯಿಂದ ಆಗಾಗ ಎಲ್ಕಿನ ಕೂಗು ಬರುತ್ತಿತ್ತು. ಸಂಜೆ ಎಷ್ಟು ಮನೋಹರವಾಗಿ ಕೇಳಿಸಿದ್ದ ಆ ಧ್ವನಿಯಲ್ಲಿ ಈಗ ನನಗೆ ‘ಹಾಲು, ಹಾಲು’ ಎಂದು ಯಾರೋ ನೆನಪಿಸಿದಂತೆ ಕೇಳಿಸಿತು.

ಬೆಳಗಾದಾಗ ಹೊರಗಿನ ಹುಲ್ಲೆಲ್ಲ ಹಿಮದ ಹರಳುಗಳಿಂದ ಬೆಳ್ಳಗಾಗಿತ್ತು. ನಾನೇ ಎದ್ದು, ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದು, ಹಾಲನ್ನು ಒಲೆಗಿಟ್ಟೆ. ಅದು ಕಾಯುವವರೆಗೂ ಕದಲದೆ ಎದುರಿಗೇ ನಿಂತಿದ್ದೆ. ಹಾಲು ಏಳುತ್ತಿದ್ದಂತೆ ಉರಿಯನ್ನು ನಂದಿಸಿ, ಗುಂಡಿಯನ್ನು ಎರಡು ಸಲ ಮುಟ್ಟಿ ನೋಡಿದೆ. ಹಾಸಿಗೆಯಿಂದಲೇ ಇದನ್ನೆಲ್ಲ ಗಮನಿಸುತ್ತಿದ್ದ ನಮ್ಮಾಕೆ, “ಇಷ್ಟು ವರ್ಷಕ್ಕೆ ಕಾಫಿ ಮಾಡಲು ಕಲಿತಿರಿ” ಎಂದಳು.

ಊರಿಗೆ ಬಂದ ಮೇಲೆ ಬಸವನಗುಡಿಯ ಮನೆಯಲ್ಲಿಯೂ ಹಾಲು ಕಾಯಿಸುವ ಕೆಲಸ ನನ್ನದೇ ಆಗಿದೆ. ಒಲೆಯ ಮುಂದಿನಿಂದ ನಾನು ಈಚೆ ಬರುವುದಿಲ್ಲ, ಹೊರಗೆ ಯಾವ ಕೊಳಲು ಕರೆದರೂ.